ಕೋಚ್ ಕೂಗುವ ಮೊದಲೇ: ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ರೆಫರಿಗೊಂದು ಮಾರ್ಗದರ್ಶಿ

ಅಮೆರಿಕದ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸೈಡ್‌ಲೈನ್ ಬಳಿ ನಿಂತ ರೆಫರಿಯ ಬೆನ್ನಿಗೂ ಕೋಚ್‌ನ ಬಾಯಿಗೂ ನಡುವೆ ಎಷ್ಟೋ ಸಲ ಒಂದು ಮಾರು ಜಾಗವೂ ಇರುವುದಿಲ್ಲ. ಎಂಟು ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 32 ನಿಮಿಷದ ಆಟ. ಅಷ್ಟರಲ್ಲಿ ಆ ಬೆನ್ನಿಗೆ ಬೀಳುವ ಮಾತುಗಳನ್ನು ಎಣಿಸಿದವರಿಲ್ಲ. ಡಿಕ್ಕಿಯಾದಾಗ ಅದು ಚಾರ್ಜೋ (ಚೆಂಡು ಹಿಡಿದವನ ತಪ್ಪು) ಬ್ಲಾಕೋ (ರಕ್ಷಕನ ತಪ್ಪು) ಎಂದು ತೀರ್ಮಾನಿಸುವುದನ್ನು ಹೊಸಬರು ಒಂದೆರಡು ಸೀಸನ್‌ನಲ್ಲಿ ಕಲಿಯುತ್ತಾರೆ. ತೀರ್ಮಾನಿಸಿದ ಮೇಲಿನ ಮೂರು ಸೆಕೆಂಡುಗಳನ್ನು ದಾಟುವುದು ಮಾತ್ರ ಬಹಳ ಕಾಲ ಕಷ್ಟವಾಗಿಯೇ ಉಳಿಯುತ್ತದೆ.

ಕೋಚ್‌ಗಳನ್ನು ನಿಭಾಯಿಸಲು ಮಾತಿನ ಮಲ್ಲನಾಗಬೇಕು ಎಂದುಕೊಳ್ಳುವವರಿದ್ದಾರೆ. ನಿಜವಾಗಿ ಬೇಕಾದದ್ದು ಬೇರೆ. ಕೋಚ್ ರೇಗುವುದು ಹೆಚ್ಚಾಗಿ ಇದ್ದಕ್ಕಿದ್ದಂತೆ ಬಂದದ್ದಕ್ಕೆ: ಎರಡು ಕ್ವಾರ್ಟರ್ ಸುಮ್ಮನೆ ಬಿಟ್ಟ ತಳ್ಳಾಟಕ್ಕೆ ಮೂರನೆಯದರಲ್ಲಿ ಶಿಳ್ಳೆ ಬಿದ್ದದ್ದು, ಟೈಮ್‌ಔಟ್ ಕೂಗಿದರೂ ಯಾರಿಗೂ ಕೇಳದ್ದು, ಎಚ್ಚರಿಕೆಯೇ ಇಲ್ಲದೆ ಟೆಕ್ನಿಕಲ್ (ದುರ್ವರ್ತನೆ, ನಿಯಮಭಂಗಕ್ಕೆ ಹಾಕುವ ಫೌಲ್) ಬಂದದ್ದು. ಇಂಥ ಅನಿರೀಕ್ಷಿತಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತ ಹೋದರೆ ಜಗಳಕ್ಕೆ ಉಳಿಯುವ ವಿಷಯವೂ ಕಡಿಮೆಯಾಗುತ್ತದೆ. ಮುಂದೆ ಹೇಳುವುದೆಲ್ಲ ಅದರ ಬಗ್ಗೆಯೇ.

ಮೊದಲು, ಯಾವ ನಿಯಮ ಪುಸ್ತಕ?

ಹೈಸ್ಕೂಲ್ ಆಟಗಳಿಗೆ ನಿಯಮ ಬರೆಯುವುದು ನ್ಯಾಷನಲ್ ಫೆಡರೇಷನ್ ಆಫ್ ಸ್ಟೇಟ್ ಹೈಸ್ಕೂಲ್ ಅಸೋಸಿಯೇಷನ್ಸ್, ಅಂದರೆ ಎನ್‌ಎಫ್‌ಎಚ್‌ಎಸ್. ಅದರ ಮೇಲೆ ಆಯಾ ರಾಜ್ಯದ ಸಂಘ ತನ್ನ ತಿದ್ದುಪಡಿಗಳನ್ನು ಸೇರಿಸುತ್ತದೆ. 35 ಸೆಕೆಂಡಿನ ಶಾಟ್ ಕ್ಲಾಕ್ (ಅಷ್ಟರೊಳಗೆ ಶಾಟ್ ಹೊಡೆಯಬೇಕು) 2022–23ರಿಂದ ರಾಜ್ಯಗಳ ಆಯ್ಕೆಗೆ ಬಿಟ್ಟದ್ದು. ಮಿನೆಸೋಟ, ವಿಸ್ಕಾನ್ಸಿನ್‌ಗಳಲ್ಲಿ ಕ್ವಾರ್ಟರ್‌ಗಳೇ ಇಲ್ಲ, 18 ನಿಮಿಷದ ಎರಡು ಅರ್ಧಗಳು. ಹಾಗಾಗಿ ಸೀಸನ್ ಶುರುವಾಗುವ ಮುಂಚೆ ಎರಡನ್ನೂ ಓದಬೇಕು.

ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ಆಡಿ ಬೆಳೆದವರು ಕೆಲವನ್ನು ಮರೆಯಬೇಕಾಗುತ್ತದೆ. ಅಲ್ಲಿ ಎಂಟು ಸೆಕೆಂಡಿನಲ್ಲಿ ಅರ್ಧ ಅಂಕಣ ದಾಟಬೇಕು, ಇಲ್ಲಿ ಹತ್ತು. ಅಲ್ಲಿ ರಿಮ್ ಮುಟ್ಟಿದ ಚೆಂಡನ್ನು ಬುಟ್ಟಿಯ ಮೇಲಿಂದಲೇ ತಟ್ಟಿಹಾಕಬಹುದು, ಇಲ್ಲಿ ಅದು ವಯಲೇಷನ್ (ಫೌಲ್ ಅಲ್ಲದ ನಿಯಮಭಂಗ). ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಟೈಮ್‌ಔಟ್‌ನಲ್ಲಿದೆ. ಅದಕ್ಕೆ ಆಮೇಲೆ ಬರೋಣ. ಇಲ್ಲಿಯದೇ ಹಳೆಯ ನಿಯಮ ಕಲಿತವರೂ ಒಂದನ್ನು ಬಿಡಬೇಕು. 2023–24ರಿಂದ ಒನ್-ಆ್ಯಂಡ್-ಒನ್ (ಅರ್ಧದ ಏಳನೇ ಫೌಲ್‌ನಿಂದ, ಮೊದಲ ಫ್ರೀ ತ್ರೋ ಬಿದ್ದರೆ ಮಾತ್ರ ಎರಡನೆಯದು) ಹೋಗಿದೆ. ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎರಡು ಫ್ರೀ ತ್ರೋ, ಮುಂದಿನ ಕ್ವಾರ್ಟರ್‌ಗೆ ಲೆಕ್ಕ ಮತ್ತೆ ಸೊನ್ನೆಯಿಂದ. ಹಳೆಯ ಕೋಚ್‌ಗಳು ಇನ್ನೂ ಏಳನೇ ಫೌಲ್‌ನ ಗುಂಗಿನಲ್ಲೇ ಇರುತ್ತಾರೆ, ಬೇಸರಿಸದೆ ಹೇಳಿ.

ಹದಿನೈದು ನಿಮಿಷ ಮುಂಚೆ

ರೆಫರಿಗಳ ಅಧಿಕಾರ ಆಟದ ನಿಗದಿತ ಸಮಯಕ್ಕೆ 15 ನಿಮಿಷ ಮೊದಲೇ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಅಂಕಣಕ್ಕೆ ಇಳಿದಿರಬೇಕು. ಸ್ಕೋರ್ ಟೇಬಲ್‌ನ ಎದುರು ಬದಿಯಲ್ಲಿ ನಿಂತು ಇಬ್ಬರು ಜೊತೆಗಾರರು ಒಂದೊಂದು ತಂಡವನ್ನು ನೋಡಿಕೊಳ್ಳುವುದು ರೂಢಿ. ನೋಡಬೇಕಾದದ್ದು ಎಷ್ಟು ಮಂದಿ ಇದ್ದಾರೆ, ಯಾರ ಜೆರ್ಸಿ ಮೇಲೆ ಯಾವ ನಂಬರ್ ಇದೆ, ಮತ್ತು ಯಾರಾದರೂ ಡಂಕ್ ಮಾಡುತ್ತಿದ್ದಾರಾ (ನೆಗೆದು ಚೆಂಡನ್ನು ರಿಮ್‌ನೊಳಗೆ ತುರುಕುತ್ತಿದ್ದಾರಾ) ಎಂಬುದು. ವಾರ್ಮ್-ಅಪ್‌ನಲ್ಲಿ ಡಂಕ್ ಮಾಡಿದರೆ ಟೆಕ್ನಿಕಲ್ ಫೌಲ್. ಅದು ಪರೋಕ್ಷವಾಗಿ ಹೆಡ್ ಕೋಚ್ ಲೆಕ್ಕಕ್ಕೂ ಬೀಳುತ್ತದೆ, ಆಟ ಶುರುವಾಗುವ ಮೊದಲೇ ಅವರು ಸೈಡ್‌ಲೈನ್ ಬಳಿ ನಿಲ್ಲುವ ಹಕ್ಕು ಕಳೆದುಕೊಳ್ಳುತ್ತಾರೆ. ಒಬ್ಬ ಹುಡುಗ ರಿಮ್ ಹತ್ತಿರ ಎಗರಿ ಎಗರಿ ನೋಡುತ್ತಿದ್ದರೆ ಕೋಚ್ ಹತ್ತಿರ ಹೋಗಿ, “ನಿಮ್ಮ 34 ಸ್ವಲ್ಪ ಹುರುಪಿನಲ್ಲಿದ್ದಾನೆ, ಒಂದು ಮಾತು ಹೇಳಿ” ಎಂದರೆ ಸಾಕು. ಅಂದಿನ ಆಟದಲ್ಲಿ ಕೋಚ್‌ಗೆ ನೀವು ಮಾಡಿಕೊಡುವ ಮೊದಲ ಉಪಕಾರ ಅದು, ಅವರು ಅದನ್ನು ಮರೆಯುವುದಿಲ್ಲ.

ಎರಡನೆಯದು ಸ್ಕೋರ್‌ಬುಕ್. ಆಟಗಾರರ ಹೆಸರು, ನಂಬರ್, ಮೊದಲ ಐವರು ಯಾರು ಎಂಬ ಗುರುತು, ಇಷ್ಟೂ 10 ನಿಮಿಷ ಉಳಿದಿರುವಾಗ ಪುಸ್ತಕದಲ್ಲಿ ಇರಬೇಕು. ಆಮೇಲೆ ಹೆಸರು ಸೇರಿಸಿದರೆ, ನಂಬರ್ ತಿದ್ದಿದರೆ ತಂಡದ ಮೇಲೆ ಆಡಳಿತಾತ್ಮಕ ಟೆಕ್ನಿಕಲ್. ಹತ್ತು ನಿಮಿಷದ ಗಡಿಗೆ ಸ್ವಲ್ಪ ಮುಂಚೆ ಟೇಬಲ್‌ಗೆ ಹೋಗಿ, ನೀವು ಎಣಿಸಿದ ಸಂಖ್ಯೆಯೂ ಪುಸ್ತಕದ ಸಂಖ್ಯೆಯೂ ತಾಳೆಯಾಗದಿದ್ದರೆ ಕೋಚ್‌ಗೆ ಆಗಲೇ ಹೇಳಿ. ಗಡಿ ದಾಟಿದ ಮೇಲೆ ಕಂಡುಹಿಡಿದು ಶಿಳ್ಳೆ ಊದುವುದರಲ್ಲಿ ಜಾಣತನವೇನೂ ಇಲ್ಲ. ನಂಬರ್ ಬಗ್ಗೆ ಒಂದು ಸಣ್ಣ ವಿಷಯ: ಹೈಸ್ಕೂಲ್ ಜೆರ್ಸಿಯಲ್ಲಿ ಐದಕ್ಕಿಂತ ದೊಡ್ಡ ಅಂಕಿ ಇರುವಂತಿಲ್ಲ. ರೆಫರಿ ಬೆರಳಿನಲ್ಲೇ ತೋರಿಸಬೇಕಲ್ಲ! 0 ಮತ್ತು 00 ಎರಡೂ ಒಂದೇ ತಂಡದಲ್ಲಿ ಇರಬಾರದು.

ಕೋಚ್‌ಗಳು, ನಾಯಕರ ಜೊತೆಗಿನ ಮಾತುಕತೆ ಒಂದು ನಿಮಿಷ ಮೀರದಿರಲಿ. ಆಟಗಾರರ ಉಡುಪು, ಸಲಕರಣೆ ನಿಯಮದ ಪ್ರಕಾರ ಇವೆಯೇ ಎಂದು ಹೆಡ್ ಕೋಚ್‌ಗಳನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಕಡ್ಡಾಯ. ಕ್ರೀಡಾ ಮನೋಭಾವದ ಬಗ್ಗೆ ಒಂದು ವಾಕ್ಯ ಹೇಳಿ, ಕೈಕುಲುಕಿ ಬಂದುಬಿಡಿ. “ಇವತ್ತು ನಾವು ಕೈ ತಾಗಿದರೂ ಊದ್ತೀವಿ” ಎಂಬ ಪೀಠಿಕೆ ಹಾಕಲೇಬೇಡಿ. ಎರಡನೇ ಕ್ವಾರ್ಟರ್‌ನಲ್ಲಿ ಅದೇ ಮಾತನ್ನು ನಿಮ್ಮ ಮೇಲೆ ತಿರುಗಿಸುತ್ತಾರೆ.

ಜೊತೆಗಾರರೊಳಗಿನ ಮಾತುಕತೆ ಡ್ರೆಸ್ಸಿಂಗ್ ರೂಮಿನಲ್ಲೇ ಮುಗಿದಿರಬೇಕು. ಇಬ್ಬರೂ ಒಟ್ಟಿಗೆ ಊದಿದರೆ ಯಾರು ಹೇಳುವುದು, ಕೊನೆಯ ಸೆಕೆಂಡಿನ ಶಾಟ್ ಯಾರದು, ಒಬ್ಬ ಕೋಚ್ ಒಬ್ಬ ರೆಫರಿಯ ಬೆನ್ನು ಬಿದ್ದರೆ ಇನ್ನೊಬ್ಬರು ಏನು ಮಾಡುವುದು. ಮೂರನೆಯದನ್ನು ಹೆಚ್ಚಿನ ರೆಫರಿ ತಂಡಗಳು ಮಾತಾಡುವುದೇ ಇಲ್ಲ.

28 ಅಡಿಯ ಪೆಟ್ಟಿಗೆ

ಬುಟ್ಟಿಯ ಹಿಂದಿನ ಎಂಡ್‌ಲೈನ್‌ನಿಂದ ಅರ್ಧ ಅಂಕಣದ ಕಡೆಗೆ ಗರಿಷ್ಠ 28 ಅಡಿ, ಅದು ಕೋಚಿಂಗ್ ಬಾಕ್ಸ್. ಅದರೊಳಗೆ ನಿಂತು ಓಡಾಡುವ ಹಕ್ಕು ಹೆಡ್ ಕೋಚ್ ಒಬ್ಬರಿಗೇ. ಸಹಾಯಕ ಕೋಚ್‌ಗಳು ಕೂತಿರಬೇಕು. ಒಳ್ಳೆಯ ಆಟಕ್ಕೆ ಥಟ್ಟನೆ ಎದ್ದು ಚಪ್ಪಾಳೆ ತಟ್ಟಬಹುದು, ಟೈಮ್‌ಔಟ್‌ನಲ್ಲಿ ನಿಲ್ಲಬಹುದು. ಎದ್ದವರು ಮತ್ತೆ ಕೂರಬೇಕು, ಅಷ್ಟೆ.

ಕೋಚ್ ಒಂದು ಹೆಜ್ಜೆ ಗೆರೆ ದಾಟಿ ತಮ್ಮ ಆಟಗಾರರಿಗೆ “ಜೋನ್! ಜೋನ್!” ಎಂದು ಕೂಗುತ್ತಿದ್ದರೆ ಅದೊಂದು ಪ್ರಮಾದವೇನಲ್ಲ. ಪಕ್ಕದಲ್ಲಿ ಓಡುವಾಗ “ಕೋಚ್, ಬಾಕ್ಸ್” ಎನ್ನಿ. ನಿಮ್ಮ ಕಡೆಗೇ ಕೈ ಬೀಸುತ್ತ ಅಂಕಣದೊಳಗೆ ಬಂದರೆ ಅದರ ಲೆಕ್ಕ ಬೇರೆ. ಮೊದಲ ಐದು ನಿಮಿಷದಲ್ಲಿ ಈ ಗೆರೆಯ ಬಗ್ಗೆ ಒಂದು ಮಾತೂ ಆಡದೆ ನಾಲ್ಕನೇ ಕ್ವಾರ್ಟರ್‌ನಲ್ಲಿ ಇದ್ದಕ್ಕಿದ್ದಂತೆ ನೆನಪಿಸಿಕೊಂಡರೆ ಅದು ನಿಯಮ ಪಾಲನೆಯಂತೆ ಕಾಣುವುದಿಲ್ಲ, ಸೇಡಿನಂತೆ ಕಾಣುತ್ತದೆ.

ಸಹಾಯಕರು ರೆಫರಿಯ ಜೊತೆ ವಾದಕ್ಕೆ ಇಳಿದರೆ ಅವರ ಜೊತೆ ಮಾತು ಬೆಳೆಸಬೇಡಿ. ಮುಂದಿನ ಡೆಡ್ ಬಾಲ್‌ನಲ್ಲಿ (ಆಟ ನಿಂತಾಗ) ಹೆಡ್ ಕೋಚ್‌ಗೆ ಹೇಳಿ: “ಕೋಚ್, ನಿಮ್ಮ ಪ್ರಶ್ನೆಗೆ ಉತ್ತರ ಕೊಡ್ತೀನಿ. ಅವರನ್ನು ನೀವೇ ನೋಡಿಕೊಳ್ಳಿ. ನಾನು ನೋಡಿಕೊಂಡ್ರೆ ನಿಮ್ಮ ಬಾಕ್ಸೂ ಹೋಗುತ್ತೆ.” ಬೆದರಿಕೆಯ ದನಿ ಬೇಡ, ಮಾಹಿತಿಯ ದನಿ ಸಾಕು. ಹೆಚ್ಚಿನ ಕೋಚ್‌ಗಳು ಹಿಂತಿರುಗಿ ಒಂದು ನೋಟದಲ್ಲೇ ಕೂರಿಸುತ್ತಾರೆ.

ನಿಂತ ಜಾಗದಲ್ಲೇ ಅರ್ಧ ಉತ್ತರ

ಅಂಕಣ 84 ಅಡಿ ಉದ್ದ, 50 ಅಡಿ ಅಗಲ. ಇಬ್ಬರು ರೆಫರಿಗಳಿದ್ದರೆ ಒಬ್ಬರು (ಲೀಡ್) ಎಂಡ್‌ಲೈನ್‌ನಲ್ಲಿ, ಇನ್ನೊಬ್ಬರು (ಟ್ರೈಲ್) ಆಟದ ಹಿಂದೆ. ಮೂವರಿದ್ದರೆ ಫ್ರೀ ತ್ರೋ ಗೆರೆಯ ಮಟ್ಟದಲ್ಲಿ ಎದುರು ಬದಿಗೆ ಸೆಂಟರ್. ಟೇಬಲ್ ಕಡೆ ಬಂದ ಟ್ರೈಲ್ ಹೆಚ್ಚುಕಡಿಮೆ ಆ 28 ಅಡಿ ಗುರುತಿನ ಬಳಿಯೇ ನಿಲ್ಲುತ್ತಾರೆ, ಅಂದರೆ ಕೋಚ್‌ನ ಮೂಗಿನ ನೇರಕ್ಕೆ. ಅಲ್ಲಿ ನಿಂತವರು ಬೆಂಚ್ ಕಡೆ ಕತ್ತು ತಿರುಗಿಸಬೇಕಿಲ್ಲ. ಆಟ ನಡೆಯುತ್ತಿರುವಾಗ ಕಣ್ಣು ಅಂಕಣದ ಮೇಲೆ, ಕಿವಿ ಮಾತ್ರ ಹಿಂದೆ.

ಕೋಚ್ ತೀರ್ಪನ್ನು ಒಪ್ಪುವುದೂ ಬಿಡುವುದೂ ನೀವು ಎಷ್ಟು ಹತ್ತಿರದಿಂದ, ಯಾವ ಕೋನದಿಂದ ನೋಡಿದಿರಿ ಎಂಬುದರ ಮೇಲಿದೆ. ಇಬ್ಬರು ಆಟಗಾರರ ನಡುವಿನ ಸಂದು ಕಾಣುವಂತೆ ನಿಲ್ಲಬೇಕು. ಬೆನ್ನು ಮಾತ್ರ ಕಾಣುವಂತೆ ನಿಂತರೆ ಆಚೆ ಏನಾಯಿತೆಂಬುದು ಊಹೆ. 40 ಅಡಿ ದೂರದಿಂದ ಜೊತೆಗಾರರ ಮುಂದೆಯೇ ನಡೆದದ್ದಕ್ಕೆ ಊದಿದರೆ, ಸರಿಯಾಗಿಯೇ ಊದಿದ್ದರೂ, ಇಡೀ ಜಿಮ್ ನಂಬುವುದಿಲ್ಲ. ಕೋಚ್ ಅಂತೂ ಮೊದಲೇ ನಂಬುವುದಿಲ್ಲ.

ಫೌಲ್ ಹೇಳುವ ಕ್ರಮ ಹೀಗೆ. ಒಂದೇ ಗಟ್ಟಿ ಶಿಳ್ಳೆ, ಜೊತೆಗೇ ಮುಷ್ಟಿ ಬಿಗಿದ ಕೈ ನೇರ ಮೇಲಕ್ಕೆ. ಒಂದು ಕ್ಷಣ ಅಲ್ಲೇ ನಿಲ್ಲಿ. ಫೌಲ್ ಮಾಡಿದವರ ಬಣ್ಣ, ನಂಬರ್ ಅಲ್ಲೇ ಹೇಳಿ, ಏನು ಫೌಲ್ ಎಂಬ ಸನ್ನೆ ಮಾಡಿ. ಆಟಗಾರರ ಗುಂಪನ್ನು ಸುತ್ತಿ ಬಂದು ಟೇಬಲ್‌ಗೆ ಕಾಣುವ ಜಾಗದಲ್ಲಿ ಪೂರ್ತಿ ನಿಂತ ಮೇಲೆ ಬಣ್ಣ, ನಂಬರ್, ಫೌಲ್, ಮುಂದೇನು. ನಂಬರ್ 23 ಆದರೆ ಬಲಗೈಯಲ್ಲಿ ಎರಡು, ಎಡಗೈಯಲ್ಲಿ ಮೂರು. ಎದುರು ಕೂತ ಸ್ಕೋರರ್‌ಗೆ ಅದು ಎಡದಿಂದ ಬಲಕ್ಕೆ ಇಪ್ಪತ್ತಮೂರು ಎಂದೇ ಕಾಣುತ್ತದೆ. ನಡೆಯುತ್ತಲೇ ಗೊಣಗಿದರೆ ಸ್ಕೋರರ್ 32 ಬರೆದುಕೊಳ್ಳುತ್ತಾರೆ. ಆ ತಪ್ಪು ನಾಲ್ಕನೇ ಕ್ವಾರ್ಟರ್‌ನಲ್ಲಿ ಯಾರೋ ಒಬ್ಬರನ್ನು ಆಟದಿಂದಲೇ ಕಳಿಸುವ ಐದನೇ ಫೌಲ್ ಆಗಿ ಹೊರಗೆ ಬರುತ್ತದೆ.

ಮೂವರ ತಂಡದಲ್ಲಿ ಫೌಲ್ ಹೇಳಿದವರು ಆಮೇಲೆ ಟೇಬಲ್ ಕಡೆ ಉಳಿಯಬೇಕೋ ಎದುರು ಬದಿಗೆ ಹೋಗಬೇಕೋ ಎಂಬುದರಲ್ಲಿ ರೂಢಿ ಎಲ್ಲೆಡೆ ಒಂದೇ ಅಲ್ಲ. ಉಳಿದರೆ ಕೋಚ್‌ಗೆ ಕಾರಣ ಹೇಳಲು ಅವಕಾಶ. ಹೋದರೆ ಸಿಟ್ಟು ತಣಿಯಲು ಸಮಯ. ನಿಮ್ಮ ಸಂಘ ಹೇಳಿದ್ದನ್ನೇ ಮಾಡಿ. ಆದರೆ ಉಳಿಯುವ ಕ್ರಮವಿದ್ದರೆ ಏಳೆಂಟು ಪದದ ಉತ್ತರವೊಂದು ಬಾಯಲ್ಲಿ ಸಿದ್ಧವಿರಲಿ.

ಪುಸ್ತಕದಲ್ಲಿ ಇಲ್ಲದ ನಿಯಮಗಳು

ಬೆಂಚ್‌ನಿಂದ ಬರುವ ಕೂಗುಗಳಲ್ಲಿ ಅರ್ಧಕ್ಕೆ ಪುಸ್ತಕದಲ್ಲಿ ಆಧಾರವೇ ಇಲ್ಲ. ಇದನ್ನು ರೆಫರಿ ಬಾಯಿಪಾಠ ಮಾಡಿಕೊಂಡಿರಬೇಕು. ಕೋಚ್‌ಗೆ ಪಾಠ ಹೇಳಲೆಂದಲ್ಲ, ಸ್ವಂತ ಬಾಯಿಂದ ಅದೇ ತಪ್ಪು ಪದ ಬರದಿರಲೆಂದು.

“ಓವರ್ ದ ಬ್ಯಾಕ್!” ಎನ್ನುವ ಫೌಲ್ ಇಲ್ಲ. ಎತ್ತರದ ಹುಡುಗಿ ಹಿಂದಿನಿಂದ ಕೈ ಚಾಚಿ, ಮುಂದಿನವಳನ್ನು ತಾಗದೆ ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು) ತೆಗೆದುಕೊಂಡರೆ ಅವಳು ಎತ್ತರವಾಗಿದ್ದಾಳೆ, ಅಷ್ಟೆ. ಮುಂದಿನವಳು ಜಾಗದಿಂದ ತಳ್ಳಲ್ಪಟ್ಟರೆ ಅದು ಪುಶ್. ಟೇಬಲ್‌ಗೆ ‘ಪುಶ್’ ಎಂದೇ ಹೇಳಿ. “ರೀಚ್” ಕೂಡ ಹಾಗೆಯೇ: ಕೈ ಚಾಚುವುದು ತಪ್ಪಲ್ಲ, ಚಾಚಿದ ಕೈ ಹಿಡಿದರೆ ಹೋಲ್ಡ್, ಹೊಡೆದರೆ ಕೈಯ ಅಕ್ರಮ ಬಳಕೆ. ಇವತ್ತು ನೀವೇ “ರೀಚ್, 12” ಎಂದರೆ ಇನ್ನರ್ಧ ಗಂಟೆ ಪ್ರತಿಯೊಂದು ಚಾಚಿದ ಕೈಗೂ ಎರಡೂ ಬೆಂಚ್‌ಗಳು ಅದನ್ನೇ ಕೇಳುತ್ತವೆ.

“ಅವನು ನಿಂತಿರಲೇ ಇಲ್ಲ, ಚಾರ್ಜ್ ಹೇಗೆ?” ಇದು ಅತಿ ಹೆಚ್ಚು ಕೇಳಿಬರುವ ದೂರು. ರಕ್ಷಣೆಯ ಆಟಗಾರ ಮೊದಲು ಎರಡೂ ಪಾದ ನೆಲದಲ್ಲಿಟ್ಟು ಎದುರಾಳಿಗೆ ಎದೆ ಕೊಟ್ಟು ನಿಂತರೆ ಜಾಗ ಅವನದಾಯಿತು. ಆಮೇಲೆ ಅವನು ಕಂಬದಂತೆ ನಿಲ್ಲಬೇಕಿಲ್ಲ. ಪಕ್ಕಕ್ಕೆ ಸರಿಯಬಹುದು, ಹಿಂದೆ ಸರಿಯಬಹುದು, ನೇರ ಮೇಲಕ್ಕೆ ನೆಗೆಯಬಹುದು. ಚೆಂಡು ಹಿಡಿದವನಿಗೆ ಸಮಯವನ್ನಾಗಲಿ ಅಂತರವನ್ನಾಗಲಿ ಬಿಟ್ಟುಕೊಡಬೇಕಾಗಿಯೂ ಇಲ್ಲ. ಒಂದು ಷರತ್ತು ಮಾತ್ರ ಗಟ್ಟಿ: ಶೂಟರ್ ನೆಲ ಬಿಡುವ ಮೊದಲೇ ಆ ಜಾಗಕ್ಕೆ ಬಂದಿರಬೇಕು. ಹಾಗಾಗಿ ಇಂಥ ಡಿಕ್ಕಿಯಲ್ಲಿ ಕಣ್ಣು ಚೆಂಡಿನ ಮೇಲಿದ್ದರೆ ಕೆಟ್ಟಿತು. ಮೊದಲು ರಕ್ಷಕನನ್ನು ನೋಡಿ, ಅವನ ಮೂಲಕ ಡಿಕ್ಕಿಯನ್ನು ನೋಡಿ. ಬ್ಲಾಕ್-ಚಾರ್ಜ್ ಗೊಂದಲ ಹುಟ್ಟುವುದು ರೆಫರಿ ಡ್ರಿಬಲ್ ಮಾಡುವವನ ಹಿಂದೆ ಕಣ್ಣು ಓಡಿಸಿ, ರಕ್ಷಕ ಬಂದದ್ದನ್ನು ತಡವಾಗಿ ಕಂಡಾಗ.

ಪಿವಟ್ ಪಾದ (ಚೆಂಡು ಹಿಡಿದವರು ಊರಿ ನಿಂತ ಪಾದ) ಎತ್ತಿದ ತಕ್ಷಣ “ಟ್ರಾವೆಲ್!” (ಚೆಂಡು ಹಿಡಿದು ನಡೆದರು) ಎಂದು ಕಿರುಚುವುದು ಇನ್ನೊಂದು. ಎತ್ತಿದ ಪಾದ ಮತ್ತೆ ನೆಲಕ್ಕೆ ಬರುವ ಮುಂಚೆ ಪಾಸ್ ಅಥವಾ ಶಾಟ್ ಆದರೆ ಸರಿ. ಡ್ರಿಬಲ್ ಶುರು ಮಾಡಲು ಮಾತ್ರ ಪಾದ ಎತ್ತುವ ಮುಂಚೆ ಚೆಂಡು ಕೈಬಿಟ್ಟಿರಬೇಕು. ಚೆಂಡಿಗಾಗಿ ನೆಲಕ್ಕೆ ಹಾರಿ ಜಾರಿದರೂ ಟ್ರಾವೆಲ್ ಅಲ್ಲ. ಜಾರುವುದು ನಿಂತ ಮೇಲೆ ಹೊರಳಿದರೆ, ಚೆಂಡು ಹಿಡಿದೇ ಎದ್ದು ನಿಲ್ಲಲು ಹೋದರೆ ಆಗ ಟ್ರಾವೆಲ್.

ಇವೆಲ್ಲಕ್ಕೆ ವ್ಯತಿರಿಕ್ತವಾಗಿ, ಹ್ಯಾಂಡ್-ಚೆಕ್‌ನಲ್ಲಿ ಕೋಚ್‌ಗಳು ಹೆಚ್ಚಾಗಿ ಸರಿ, ರೆಫರಿಗಳೇ ಸಡಿಲ. ಚೆಂಡು ಹಿಡಿದವರ ಮೇಲೆ ಎರಡೂ ಕೈ ಇಟ್ಟರೆ, ಚಾಚಿದ ತೋಳನ್ನು ಅಡ್ಡವಿಟ್ಟರೆ, ಒಂದು ಕೈ ಇಟ್ಟು ಹಾಗೇ ಬಿಟ್ಟರೆ, ಒಂದೇ ಕೈಯಲ್ಲಾಗಲಿ ಬದಲಿಸಿಯಾಗಲಿ ಒಂದಕ್ಕಿಂತ ಹೆಚ್ಚು ಸಲ ತಾಗಿಸಿದರೆ, ನಾಲ್ಕೂ ಫೌಲ್. “ಅದರಿಂದ ಅವನಿಗೇನೂ ತೊಂದರೆ ಆಗಲಿಲ್ಲವಲ್ಲ” ಎಂಬ ವಿವೇಚನೆಗೆ ಇಲ್ಲಿ ಜಾಗವಿಲ್ಲ. ಮೊದಲ ಮೂರು ನಿಮಿಷದಲ್ಲಿ ಇದನ್ನು ಎರಡು ಸಲ ಊದಿದರೆ ಇಡೀ ಆಟ ತಾನಾಗಿ ಸ್ವಚ್ಛವಾಗುತ್ತದೆ. ಬಿಟ್ಟರೆ ಹಾಫ್‌ಟೈಮ್ ಹೊತ್ತಿಗೆ ಅದು ಕುಸ್ತಿ.

ಪ್ರಶ್ನೆಗೆ ಉತ್ತರ, ಹೇಳಿಕೆಗೆ ಮೌನ

ಕೋಚ್ ಬಾಯಿಂದ ಬರುವುದನ್ನು ಮೂರಾಗಿ ವಿಂಗಡಿಸಿಕೊಳ್ಳಿ. ಪ್ರಶ್ನೆಯಾದರೆ ಉತ್ತರ ಕೊಡಿ. “ಅಯ್ಯೋ, ಇದು ಫೌಲಾ!” ಎಂಬಂಥ ಉದ್ಗಾರವಾದರೆ ಕೇಳಿಸಿಕೊಂಡು ಓಡಿ. ನಿಮ್ಮ ನಿಯತ್ತಿನ ಬಗ್ಗೆ, ನಿಮ್ಮ ವೈಯಕ್ತಿಕ ವಿಷಯದ ಬಗ್ಗೆ ಬಂದರೆ ಕ್ರಮ. ಎರಡನೆಯದಕ್ಕೆ ಉತ್ತರ ಕೊಡಲು ಹೋಗುವುದು ಹೊಸಬರ ದೊಡ್ಡ ತಪ್ಪು. ಪ್ರತಿ ಉದ್ಗಾರಕ್ಕೂ ಮಾರುತ್ತರ ಕೊಟ್ಟರೆ ಅದು ಸಂವಾದವಾಗುತ್ತದೆ, ಸಂವಾದ ವಾದವಾಗುತ್ತದೆ.

ಉತ್ತರ ಹೀಗಿರಲಿ:

“ಅದು ಹೇಗ್ರೀ ಬ್ಲಾಕು? ಅವನು ನಿಂತಿದ್ನಲ್ಲ!”

“ಕೋಚ್, ಶೂಟರ್ ನೆಲ ಬಿಟ್ಟ ಮೇಲೆ ನಿಮ್ಮ 23 ದಾರಿಗೆ ಬಂದ.”

ಇಷ್ಟೇ. ಕೋಚ್ ಒಪ್ಪದೇ ಇರಬಹುದು. ಆದರೆ ನೀವು ಏನು ನೋಡಿದಿರಿ ಎಂಬುದು ಗೊತ್ತಾಯಿತು, ನಿಯಮ ಗೊತ್ತಿದೆ ಎಂಬುದೂ ಗೊತ್ತಾಯಿತು. ಪಕ್ಕಕ್ಕೆ ನಿಂತು, ಇಬ್ಬರ ಮುಖವೂ ಅಂಕಣದ ಕಡೆ ಇರುವಂತೆ ಮಾತಾಡಿ. ಎದುರು ಬದುರು ನಿಂತು ಮೂಗಿಗೆ ಮೂಗು ತಾಗಿಸಿದರೆ ಗ್ಯಾಲರಿಗೆ ಅದು ಜಗಳವಾಗಿಯೇ ಕಾಣುತ್ತದೆ, ಗ್ಯಾಲರಿ ಕೂಗಿದರೆ ಕೋಚ್ ತಗ್ಗಲಾರರು. ದನಿ ಅವರಿಗಿಂತ ಒಂದು ಮೆಟ್ಟಿಲು ಕೆಳಗಿರಲಿ. ಕೈಕಟ್ಟಿಕೊಳ್ಳಬೇಡಿ, ಬೆರಳು ತೋರಿಸಬೇಡಿ.

ತಪ್ಪಾಗಿದ್ದರೆ? “ನೀವು ಹೇಳಿದ ಹಾಗೆ ಆಗಿದ್ರೆ ನಾನು ತಪ್ಪಿದೆ, ಕೋಚ್.” ಈ ವಾಕ್ಯಕ್ಕೆ ಬಹಳ ಶಕ್ತಿಯಿದೆ, ಆದರೆ ಒಂದು ಆಟಕ್ಕೆ ಒಮ್ಮೆ ಮಾತ್ರ. ಮೂರು ಸಲ ಹೇಳಿದರೆ ಇವರಿಗೆ ಕೆಲಸವೇ ಬರುವುದಿಲ್ಲ ಎಂದಾಗುತ್ತದೆ. ತಪ್ಪಿದ್ದನ್ನು ಸರಿದೂಗಿಸಲು ಇನ್ನೊಂದು ತುದಿಯಲ್ಲಿ ಇಲ್ಲದ ಫೌಲ್ ಊದುವುದಂತೂ ಬೇಡವೇ ಬೇಡ. ಆಗ ಇಬ್ಬರು ಕೋಚ್‌ಗಳಿಗೂ ಒಂದೊಂದು ನ್ಯಾಯವಾದ ದೂರು ಸಿಕ್ಕ ಹಾಗಾಗುತ್ತದೆ.

ಹೇಳಬಾರದ ಮಾತುಗಳೂ ಇವೆ. “ಅದು ನನ್ನ ಕಾಲ್ ಅಲ್ಲ” ಎಂದರೆ ಜೊತೆಗಾರರನ್ನು ಮಾರಿಬಿಟ್ಟಂತೆ; ಅದರ ಬದಲು “ಅವರು ಹತ್ತಿರ ಇದ್ದರು, ಈ ಕಡೆ ಬಂದಾಗ ಕೇಳಿ” ಎನ್ನಿ. “ಸಮಾಧಾನ ಮಾಡ್ಕೊಳ್ಳಿ” ಎಂದು ಹೇಳಿಸಿಕೊಂಡು ಸಮಾಧಾನವಾದ ಕೋಚ್ ಇನ್ನೂ ಹುಟ್ಟಿಲ್ಲ. ವ್ಯಂಗ್ಯ, ನಗು, “ನಿಮ್ಮ ಹುಡುಗರು ಆಡೋಕೆ ಕಲೀಲಿ” ಎಂಬ ಧಾಟಿ ಇವೆಲ್ಲ ಮರುದಿನ ದೂರಿನ ಪತ್ರದಲ್ಲಿ ಉದ್ಧರಣ ಚಿಹ್ನೆಯೊಳಗೆ ಸಿಗುತ್ತವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಟ್ಯಾಬ್ಲೆಟ್ ತೋರಿಸುವ ಕೋಚ್‌ಗಳೂ ಇದ್ದಾರೆ. ಬೆಂಚ್‌ನಲ್ಲಿ ಅದನ್ನು ತಂತ್ರಗಾರಿಕೆಗೆ ಬಳಸಬಹುದು, ತೀರ್ಪು ಪ್ರಶ್ನಿಸಲು ಬಳಸುವಂತಿಲ್ಲ. ನೋಡಲು ಬಗ್ಗಲೂ ಬೇಡಿ. ಗ್ಯಾಲರಿಯ ಪ್ರೇಕ್ಷಕರು ಮಿತಿ ಮೀರಿದರೆ ಅದು ಆತಿಥೇಯ ಶಾಲೆಯ ಆಡಳಿತಾಧಿಕಾರಿಯ ಕೆಲಸ. ಅವರು ಯಾರು, ಎಲ್ಲಿ ಕೂತಿರುತ್ತಾರೆ ಎಂದು ಆಟಕ್ಕೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ಟೈಮ್‌ಔಟ್: ಕಿವಿಗಿಂತ ಮೊದಲು ಕಣ್ಣು

ಪ್ರತಿ ತಂಡಕ್ಕೂ 60 ಸೆಕೆಂಡಿನ ಮೂರು, 30 ಸೆಕೆಂಡಿನ ಎರಡು. ಪ್ರತಿ ಓವರ್‌ಟೈಮ್‌ಗೆ ಮತ್ತೊಂದು 60. ಫೀಬಾದಲ್ಲಿ ಕೋಚ್ ಟೇಬಲ್‌ನಲ್ಲಿ ಕೇಳಿ ಕಾಯುತ್ತಾರೆ. ಇಲ್ಲಿ ಹೆಡ್ ಕೋಚ್ ಆಟ ನಡೆಯುತ್ತಿರುವಾಗಲೇ ರೆಫರಿಯ ಬೆನ್ನಿಗೆ ಕೂಗಿ ಕೇಳಬಹುದು. ಆದರೆ ಆ ಕ್ಷಣ ಅವರ ತಂಡದ ಆಟಗಾರನ ಕೈಯಲ್ಲಿ ಚೆಂಡು ಇರಬೇಕು, ಇಲ್ಲವೇ ಡ್ರಿಬಲ್ ನಡೆದಿರಬೇಕು.

ಇಲ್ಲಿ ಆಗುವ ಎಡವಟ್ಟು ಯಾವಾಗಲೂ ಒಂದೇ ರೀತಿ. ಕೊನೆಯ ನಿಮಿಷ, ಮೂಲೆಯಲ್ಲಿ ಇಬ್ಬರು ಸೇರಿ ಒಬ್ಬನನ್ನು ಮುತ್ತಿದ್ದಾರೆ. ಹಿಂದಿನಿಂದ “ಟೈಮ್‌ಔಟ್! ಟೈಮ್‌ಔಟ್!” ಎಂಬ ಕೂಗು. ಟ್ರೈಲ್ ಕತ್ತು ತಿರುಗಿಸಿ, ಹೌದು ಹೆಡ್ ಕೋಚೇ ಎಂದು ಖಚಿತಪಡಿಸಿಕೊಂಡು ಊದುತ್ತಾರೆ. ಅಷ್ಟರಲ್ಲಿ ಚೆಂಡು ಕೈತಪ್ಪಿ ಎದುರಾಳಿಯ ಪಾಲಾಗಿರುತ್ತದೆ. ಕೊಟ್ಟ ಟೈಮ್‌ಔಟ್ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ, ಎದುರು ಕೋಚ್ ಆಗ ಕೂಗಿದರೆ ಅದು ನ್ಯಾಯವೇ. ಸರಿಯಾದ ಕ್ರಮ: ಕೂಗು ಕೇಳಿದಾಗ ಯಾರ ದನಿ ಎಂದು ಗುರುತಿಸಿ, ಊದುವ ಮುಂಚೆ ಕಣ್ಣು ಮತ್ತೆ ಚೆಂಡಿಗೆ ಬರಲಿ. ಹಿಡಿತದಲ್ಲಿದೆಯೇ? ಊದಿ. ಇಲ್ಲವೇ? ಬಿಡಿ. ಸಹಾಯಕ ಕೋಚ್‌ನ ಕೂಗಿಗೆ ಟೈಮ್‌ಔಟ್ ಇಲ್ಲ. ಆಟ ಶುರುವಾದ ಎರಡು ನಿಮಿಷದಲ್ಲಿ ಇಬ್ಬರು ಹೆಡ್ ಕೋಚ್‌ಗಳ ದನಿಯನ್ನೂ ಕಿವಿಗೆ ಪರಿಚಯ ಮಾಡಿಕೊಳ್ಳುವುದು ಈ ಕಾರಣಕ್ಕೆ.

ಕೊನೆಯ ಟೈಮ್‌ಔಟ್ ಮುಗಿದಾಗ ಟೇಬಲ್ ನಿಮಗೆ ಹೇಳಬೇಕು, ನೀವು ಹೆಡ್ ಕೋಚ್‌ಗೆ ಹೇಳಬೇಕು: “ಕೋಚ್, ಇನ್ನಿಲ್ಲ.” ಇಲ್ಲದ ಟೈಮ್‌ಔಟ್ ಕೇಳಿ ಪಡೆದರೆ ಟೆಕ್ನಿಕಲ್. 1993ರ ಕಾಲೇಜು ಫೈನಲ್‌ನಲ್ಲಿ ಮಿಷಿಗನ್‌ನ ಕ್ರಿಸ್ ವೆಬರ್ 11 ಸೆಕೆಂಡು ಉಳಿದಿರುವಾಗ ಮಾಡಿದ್ದು ಅದನ್ನೇ. ಅದು ಹೈಸ್ಕೂಲ್ ಅಲ್ಲ ನಿಜ, ಆದರೆ ಇಲ್ಲಿಯೂ ನಿಯಮ ಅಷ್ಟೇ ನಿರ್ದಯಿ.

ಎಚ್ಚರಿಕೆ, ಆಮೇಲೆ ಟೆಕ್ನಿಕಲ್

ಮಾತಿನಲ್ಲಿ ಹೇಳಿದ್ದು ಸಾಲದಿದ್ದರೆ ಪುಸ್ತಕವೇ ಒಂದು ಮೆಟ್ಟಿಲು ಕೊಟ್ಟಿದೆ: ಅಧಿಕೃತ ಎಚ್ಚರಿಕೆ. ಹೆಡ್ ಕೋಚ್‌ಗೆ ತಿಳಿಸಿ, ಸ್ಕೋರರ್ ಬಳಿ ಬರೆಸಬೇಕು. ಸಣ್ಣ ಪ್ರಮಾಣದ ಆಕ್ಷೇಪ, ಬಾಕ್ಸ್ ದಾಟುವುದು, ಬೆಂಚ್‌ನ ಗಲಾಟೆ ಇವಕ್ಕೆ ಇದು ಸಾಕು. ಬರೆಸಿದ ಎಚ್ಚರಿಕೆಯಿಂದ ಎರಡು ಲಾಭ: ಕೋಚ್‌ಗೆ ಗಡಿ ಎಲ್ಲಿದೆ ಎಂದು ಗೊತ್ತಾಗುತ್ತದೆ, ಮುಂದೆ ಟೆಕ್ನಿಕಲ್ ಕೊಟ್ಟರೆ ಜಿಮ್‌ನಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಹಾಗೆಂದು ಎಚ್ಚರಿಕೆ ಕೊಟ್ಟ ಮೇಲೆಯೇ ಟೆಕ್ನಿಕಲ್ ಎಂಬ ಕಟ್ಟಳೆಯಿಲ್ಲ. ಬೈಗುಳ, ಮೋಸದ ಆರೋಪ, ಕೂಗುತ್ತ ಅಂಕಣಕ್ಕೆ ನುಗ್ಗುವುದು, ಪ್ರೇಕ್ಷಕರನ್ನು ಎತ್ತಿಕಟ್ಟುವುದು ಇವಕ್ಕೆ ನೇರ ಟೆಕ್ನಿಕಲ್.

ಕೊಡುವಾಗ ಕ್ರಮ ಹೀಗಿರಲಿ.

1. ಎದುರಾಳಿ ತಂಡ ಬುಟ್ಟಿಯ ಕಡೆ ನುಗ್ಗುತ್ತಿದ್ದರೆ ಆ ಯತ್ನ ಮುಗಿಯುವವರೆಗೆ ಶಿಳ್ಳೆ ತಡೆಹಿಡಿಯಿರಿ. ಇಲ್ಲದಿದ್ದರೆ ತಪ್ಪು ಮಾಡಿದ ಕೋಚೇ ಒಂದು ಸುಲಭದ ಬುಟ್ಟಿಯನ್ನು ತಪ್ಪಿಸಿಕೊಂಡಂತಾಗುತ್ತದೆ.
2. ಶಿಳ್ಳೆ. ‘ಟಿ’ ಸನ್ನೆ ಎದೆಯ ಮಟ್ಟದಲ್ಲಿ, ನಿಧಾನವಾಗಿ. ತಲೆಯ ಮೇಲೆ ಅಂಗೈ ಬಡಿಯುವ ನಾಟಕ ಬೇಡ.
3. ಟೇಬಲ್‌ಗೆ ಯಾರ ಮೇಲೆ ಎಂದು ಸ್ಪಷ್ಟವಾಗಿ ಹೇಳಿ: ಹೆಡ್ ಕೋಚ್ ನೇರವೋ, ಬೆಂಚ್‌ನವರದೋ. ಬೆಂಚ್‌ನದ್ದಾದರೆ ಹೆಡ್ ಕೋಚ್‌ಗೆ ಪರೋಕ್ಷ. ತಂಡದ ಫೌಲ್ ಲೆಕ್ಕಕ್ಕೆ ಅದು ಒಂದೇ ಸಲ ಸೇರಬೇಕು. ಸ್ಕೋರರ್‌ಗಳು ಎರಡು ಸಲ ಬರೆದುಬಿಡುವುದುಂಟು, ಬಗ್ಗಿ ನೋಡಿ.
4. ಕೊಟ್ಟವರು ಅಲ್ಲಿಂದ ದೂರ ಹೋಗಿ. ಬಾಕ್ಸ್ ಹೋಯಿತು, ಇನ್ನು ಕೂರಬೇಕು ಎಂದು ಕೋಚ್‌ಗೆ ಹೇಳುವುದು ಜೊತೆಗಾರರ ಕೆಲಸ, ಒಂದೇ ವಾಕ್ಯದಲ್ಲಿ.
5. ಎದುರು ತಂಡದ ಯಾರಾದರೂ ಎರಡು ಫ್ರೀ ತ್ರೋ ಎಸೆಯುತ್ತಾರೆ, ಉಳಿದವರು ಸಾಲು ನಿಲ್ಲುವಂತಿಲ್ಲ. ಆಮೇಲೆ ಅದೇ ತಂಡಕ್ಕೆ ಟೇಬಲ್‌ನ ಎದುರು ಬದಿಯ ಮಧ್ಯಗೆರೆಯಲ್ಲಿ ತ್ರೋ-ಇನ್.

ಬಾಕ್ಸ್ ಕಳೆದುಕೊಂಡ ಕೋಚ್ ಟೈಮ್‌ಔಟ್ ಕೇಳಲು, ಗಾಯವಾದ ಅಥವಾ ಹೊರಗೆ ಹೋಗಬೇಕಾದ ಆಟಗಾರನ ಬದಲಿಗೆ ಇನ್ನೊಬ್ಬನನ್ನು ಕಳಿಸಲು, ಸ್ಕೋರ್ ತಿದ್ದುಪಡಿ ಕೇಳಲು ಏಳಬಹುದು. ಎದ್ದ ಕ್ಷಣವೇ ಇನ್ನೊಂದು ಟೆಕ್ನಿಕಲ್ ಕೊಡಲು ಕಾದು ನಿಲ್ಲುವುದು ಸಣ್ಣತನ. ಎರಡು ನೇರ ಟೆಕ್ನಿಕಲ್, ಅಥವಾ ನೇರ-ಪರೋಕ್ಷ ಸೇರಿ ಮೂರು, ಅಥವಾ ಒಂದು ಫ್ಲೇಗ್ರಂಟ್ (ತೀವ್ರ ಸ್ವರೂಪದ ಫೌಲ್) ಆದರೆ ಹೊರಗೆ. ಹೊರಗೆ ಎಂದರೆ ಕಣ್ಣಿಗೂ ಕಿವಿಗೂ ಸಿಗದಷ್ಟು ಹೊರಗೆ. ಬಾಗಿಲ ಸಂದಿಯಿಂದ ಸನ್ನೆ ಮಾಡುವುದಲ್ಲ.

ಎಲ್ಲಿ ಎಡವುತ್ತಾರೆ? ಸಿಟ್ಟಿನಲ್ಲಿ ಕೊಡುವುದು ಒಂದು. ಅದಕ್ಕಿಂತ ಹೆಚ್ಚಾಗಿ ಕಾಣುವುದು ಕೊಡಬೇಕಾದಾಗ ಕೊಡದಿರುವುದು. ಮೊದಲ ಕ್ವಾರ್ಟರ್‌ನಲ್ಲಿ ಒಬ್ಬ ಕೋಚ್‌ನ ಗಲಾಟೆಯನ್ನು ನುಂಗಿಕೊಂಡರೆ ಎದುರು ಬೆಂಚ್ ಅದನ್ನು ನೋಡುತ್ತಿರುತ್ತದೆ. “ಕೂಗಿದವರಿಗೆ ಸಿಗುತ್ತದೆ” ಎಂದು ಅವರೂ ಶುರು ಮಾಡುತ್ತಾರೆ, ಆಮೇಲೆ ಆಟಗಾರರು, ಆಮೇಲೆ ಗ್ಯಾಲರಿ.

ನಿಮ್ಮ ತಪ್ಪು, ಟೇಬಲ್‌ನ ತಪ್ಪು

ಕೊಡಬೇಕಾದ ಫ್ರೀ ತ್ರೋ ಕೊಡದಿರುವುದು, ಕೊಡಬಾರದ್ದು ಕೊಡುವುದು, ತಪ್ಪು ಆಟಗಾರನಿಂದ ಎಸೆಸುವುದು, ತಪ್ಪು ಬುಟ್ಟಿಗೆ ಎಸೆಸುವುದು, ಅಂಕ ತಪ್ಪಾಗಿ ಸೇರಿಸುವುದು ಅಥವಾ ಕಳೆಯುವುದು: ತಿದ್ದಬಹುದಾದ ತಪ್ಪುಗಳು ಈ ಐದೇ. ಅದಕ್ಕೂ ಗಡುವಿದೆ. ಮೊದಲ ನಾಲ್ಕನ್ನು ಗಡಿಯಾರ ಸರಿಯಾಗಿ ಶುರುವಾದ ಮೇಲಿನ ಮೊದಲ ಡೆಡ್ ಬಾಲ್ ಮುಗಿಯುವುದರೊಳಗೆ ಗುರುತಿಸಬೇಕು. ಕೋಚ್ “ಅವನಿಗೆ ಎರಡು ಎಸೆತ ಬರಬೇಕಿತ್ತು” ಎಂದು ಬಂದರೆ ಗದರಿ ಕಳಿಸಬೇಡಿ, ಟೇಬಲ್‌ನಲ್ಲಿ ಒಮ್ಮೆ ಕೇಳಿ. ಅವರು ಹೇಳಿದ್ದು ಸರಿಯಿದ್ದು ಗಡುವು ದಾಟಿಹೋದರೆ ಅದಕ್ಕೆ ಮದ್ದಿಲ್ಲ. ಅವರು ಹೇಳಿದ್ದು ತಪ್ಪಾದರೆ ಅದಕ್ಕಾಗಿ ತೆಗೆದುಕೊಂಡ 60 ಸೆಕೆಂಡಿನ ಟೈಮ್‌ಔಟ್ ಅವರ ಲೆಕ್ಕಕ್ಕೆ.

ಐದನೇ ಫೌಲ್ ಆದಾಗ ಸುದ್ದಿ ಮೊದಲು ಹೆಡ್ ಕೋಚ್‌ಗೆ, ಆಮೇಲೆ ಆಟಗಾರನಿಗೆ. ತಾನು ಹೊರಗೆ ಎಂದು ಹುಡುಗ ಗ್ಯಾಲರಿಯ ಕೂಗಿನಿಂದ ತಿಳಿಯುವುದು ಚೆನ್ನಾಗಿರುವುದಿಲ್ಲ. ಗಾಯವಾದಾಗ ನೀವು ಕೈಸನ್ನೆ ಮಾಡಿ ಕರೆಯದೆ ಬೆಂಚ್‌ನವರು ಅಂಕಣಕ್ಕೆ ಬರುವಂತಿಲ್ಲ, ಹಾಗಾಗಿ ಬೇಗ ಕರೆಯಿರಿ. ತಲೆಗೆ ಪೆಟ್ಟಾಗಿ ಕನ್ಕಷನ್ (ಮಿದುಳಿಗೆ ಆದ ಆಘಾತ) ಲಕ್ಷಣ ಕಂಡರೆ ಹೊರಗೆ ಕಳಿಸುವುದು ಕಡ್ಡಾಯ, ಅರ್ಹ ವೈದ್ಯಕೀಯ ಸಿಬ್ಬಂದಿ ಒಪ್ಪುವವರೆಗೆ ವಾಪಸ್ ಇಲ್ಲ. ಕೋಚ್ “ಚೆನ್ನಾಗೇ ಇದ್ದಾನೆ” ಎಂದರೂ ಇದರಲ್ಲಿ ಚೌಕಾಸಿ ಇಲ್ಲ.

ಹಾರ್ನ್ ಆದ ಮೇಲೆ

ಸ್ಕೋರ್ ಸರಿಯಿದೆಯೇ ಎಂದು ಟೇಬಲ್‌ನಲ್ಲಿ ನೋಡಿ, ಎಲ್ಲರೂ ಒಟ್ಟಿಗೆ ಹೊರಡಿ. ಚೆಂಡು ಕೊಟ್ಟು, ಜಾಕೆಟ್ ಹುಡುಕಿಕೊಂಡು ಒಬ್ಬರು ಹಿಂದೆ ಉಳಿದರೆ ಸೋತ ಕೋಚ್‌ಗೆ ಸಿಗುವುದು ಅವರೇ. ರೆಫರಿಗಳೆಲ್ಲ ಅಂಕಣದಿಂದ ಕಣ್ಮರೆಯಾಗುವವರೆಗೂ ಅಧಿಕಾರ ಇದ್ದೇ ಇರುತ್ತದೆ. ಅಷ್ಟರೊಳಗೆ ಯಾರಾದರೂ ಮಿತಿ ಮೀರಿದರೆ ಟೆಕ್ನಿಕಲ್ ಕೊಡಬಹುದು, ಆದ್ದರಿಂದಲೇ ಬೇಗ ಹೊರಡುವುದು ಎಲ್ಲರಿಗೂ ಕ್ಷೇಮ.

ಯಾರನ್ನಾದರೂ ಹೊರಗೆ ಕಳಿಸಿದ್ದರೆ ರಾಜ್ಯ ಸಂಘಕ್ಕೆ ವರದಿ ಹೋಗಬೇಕು, ಅದಕ್ಕೆ ಗಡುವೂ ಇರುತ್ತದೆ. ಮನೆಗೆ ಹೋಗಿ ಬರೆಯೋಣ ಎಂದುಕೊಂಡರೆ ಮಾತುಗಳು ಬದಲಾಗಿಬಿಡುತ್ತವೆ. ಡ್ರೆಸ್ಸಿಂಗ್ ರೂಮಿನಲ್ಲೇ ಗುರುತು ಮಾಡಿಕೊಳ್ಳಿ: ಯಾವ ಕ್ವಾರ್ಟರ್, ಗಡಿಯಾರದಲ್ಲಿ ಎಷ್ಟು, ಸ್ಕೋರ್ ಎಷ್ಟು, ಎಚ್ಚರಿಕೆ ಕೊಟ್ಟದ್ದು ಯಾವಾಗ, ಕೋಚ್ ಆಡಿದ ಪದಗಳು ಯಥಾವತ್ತು, ನೀವು ಹೇಳಿದ್ದು ಏನು. “ಅಸಭ್ಯವಾಗಿ ವರ್ತಿಸಿದರು” ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. “ಬಾಕ್ಸ್‌ನಿಂದ ಸುಮಾರು ಹತ್ತು ಅಡಿ ಅಂಕಣದೊಳಗೆ ಬಂದು, ‘ಎಷ್ಟು ದುಡ್ಡು ತಗೊಂಡಿದ್ದೀಯ’ ಎಂದರು” ಎಂದು ಬರೆದರೆ ತಿಳಿಯುತ್ತದೆ. ಅದು ಎಷ್ಟು ನೋವಾಯಿತು, ಆ ಕೋಚ್ ಮೊದಲಿನಿಂದಲೂ ಹೀಗೆಯೇ ಎಂಬುದೆಲ್ಲ ವರದಿಗೆ ಬೇಡ. ಕಳಿಸುವ ಮುಂಚೆ ಜೊತೆಗಾರರಿಗೆ ಒಮ್ಮೆ ಓದಿಸಿ. ಅವರು ಕೇಳಿಸಿಕೊಂಡದ್ದು ಬೇರೆಯಾಗಿದ್ದರೆ ನಿಮ್ಮದನ್ನು ತಿದ್ದಿಸಬೇಡಿ, ಅವರದನ್ನು ಅವರೇ ಬರೆಯಲಿ.